ಕ್ಯಾಮೆರಾದ ಮೆಮೊರಿ ಕಾರ್ಡು: ಆರಿಸುವುದು ಹೇಗೆ?

೨೦೧೯ನೆಯ ಇಸವಿಯ ಡಿಸೆಂಬರ್ ೨೬ರಂದು ದಕ್ಷಿಣ ಭಾರತದಲ್ಲಿ ಕಂಕಣ ಸೂರ್ಯಗ್ರಹಣವಾಯಿತು. ಕಂಕಣವು ಪೂರ್ಣವಾಗಿ ಗೋಚರಿಸುವ ಪಟ್ಟಿಯಲ್ಲಿ ಕೊಡಗಿನ ಕುಟ್ಟವೂ ಸೇರಿದ್ದಿತು. ನಾವು ಕಾಲೇಜಿನ ಏಳೆಂಟು ಮಂದಿ ವಿದ್ಯಾರ್ಥಿಗಳೊಡನೆ ಹಿಂದಿನ ದಿನವೇ ಅಲ್ಲಿಗೆ ಹೋಗಿ, ಬೆಳಗಾಗುತ್ತಲೇ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಮಸೂರದ ಮುಂದೆ ಸೌರ ಫಿಲ್ಟರನ್ನು ಅಳವಡಿಸಿ ಕಾದು ಕುಳಿತೆವು. ನಮಗೆ ಬೇಕಾಗಿದ್ದುದು ಬಳೆಯ ಎರಡು ತುದಿಗಳೂ ಬಂದು ಕೂಡುವ ಆ ಒಂದು ಕ್ಷಣ. ಆಗ ಚಂದ್ರನ ಅಂಚಿನ ಬೆಟ್ಟ ಕಣಿವೆಗಳ ದೆಸೆಯಿಂದ ಬೆಳಕಿನ ತೆಳುಗೆರೆಯು ಮಣಿಮಣಿಯಾಗಿ ಒಡೆದು ಕಾಣುವುದು. ಅದನ್ನು ಸೆಕೆಂಡಿಗೆ ಎಂಟರಂತೆ ಚಿತ್ರ ತೆಗೆದು ಹಿಡಿಯಬೇಕೆಂಬುದು ನಮ್ಮ ಹಂಚಿಕೆ.

ಒಂಬತ್ತೂವರೆಗೆ ಕೆಲವು ನಿಮಿಷಗಳಿರುವಾಗ ಆ ಕ್ಷಣ ಸಮೀಪಿಸಿತು. ಗುಂಡಿಯನ್ನು ಒತ್ತಿದ್ದ ವಿದ್ಯಾರ್ಥಿನಿಯು ಮರುಗಳಿಗೆಯಲ್ಲೇ, "ಸಾರ್, ನಿಂತುಹೋಯಿತು!" ಎಂದು ಕೂಗಿದಳು. ಮೂರು ಸೆಕೆಂಡುಗಳೊಳಗೆ ಕ್ಯಾಮೆರಾ ಎಡವಿತ್ತು. ಅಲ್ಲಿಂದ ಮುಂದೆ ಎರಡೂವರೆ ಸೆಕೆಂಡಿಗೊಂದರಂತೆ ಚಿತ್ರಗಳು ಬಂದುವು. ಮಣಿಗಳು ಮೂಡಿದುದೂ ಮಾಯವಾದುದೂ ಎರಡು ಚಿತ್ರಗಳ ನಡುವಣ ಆ ಬಿಡುವಿನಲ್ಲಿ!

ಕ್ಯಾಮೆರಾದಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಅಂಚೆಚೀಟಿಯಷ್ಟಗಲದ ಮೆಮೊರಿ ಕಾರ್ಡಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಅದನ್ನು ಆರಿಸಿದ ನಮ್ಮಲ್ಲಿ. ಅದರ ಮೈಮೇಲೆ ೧೨೮ ಗಿಗಾಬೈಟ್ ಎಂದೂ, ಸೆಕೆಂಡಿಗೆ ೧೦೦ ಮೆಗಾಬೈಟ್ ವೇಗವೆಂದೂ ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದಿತು. ಅಷ್ಟನ್ನೇ ನೋಡಿ ಕೊಂಡಿದ್ದೆವು. ಊರಿಗೆ ಮರಳಿ ಪರೀಕ್ಷಿಸಿದಾಗ ತಿಳಿಯಿತು: ಆ ವೇಗವು ಕಾರ್ಡಿನಿಂದ ಓದುವ ವೇಗ, ಬರೆಯುವಾಗ ಅದು ಸೆಕೆಂಡಿಗೆ ಸುಮಾರು ೧೦ ಮೆಗಾಬೈಟಿಗಿಂತ ಮುಂದೆ ಹೋಗುತ್ತಿರಲಿಲ್ಲ.

ಲೆಕ್ಕವನ್ನು ನೋಡೋಣ. ನಮ್ಮ ಕ್ಯಾಮೆರಾದ ಒಂದು ಕಚ್ಚಾ ಚಿತ್ರ, ಎಂದರೆ ‘ರಾ’ ರೂಪದ ಚಿತ್ರ, ಸುಮಾರು ೨೫ ಮೆಗಾಬೈಟ್. ಸೆಕೆಂಡಿಗೆ ಎಂಟಾದರೆ ೨೦೦ ಮೆಗಾಬೈಟ್. ಇದನ್ನು ಕ್ಯಾಮೆರಾ ತನ್ನೊಳಗಿನ ತಾತ್ಕಾಲಿಕ ಉಗ್ರಾಣದಲ್ಲಿ (ಇದಕ್ಕೆ ಬಫರ್ ಎಂದು ಹೆಸರು) ತುಂಬಿಕೊಂಡು, ಅಲ್ಲಿಂದ ಕಾರ್ಡಿಗೆ ಸಾಗಿಸುತ್ತದೆ. ಬಫರು ಸುಮಾರು ಇಪ್ಪತ್ತು ಚಿತ್ರಗಳಿಗೇ ತುಂಬಿತು. ಆ ೫೦೦ ಮೆಗಾಬೈಟನ್ನು ನಮ್ಮ ಕಾರ್ಡು ಬರೆದು ಮುಗಿಸಲು ೫೦ ಸೆಕೆಂಡುಗಳು ಬೇಕು. ಸೆಕೆಂಡಿಗೆ ೮೦ ಮೆಗಾಬೈಟ್ ಬರೆಯಬಲ್ಲ ಕಾರ್ಡಾಗಿದ್ದರೆ ಆರು ಸೆಕೆಂಡುಗಳು ಸಾಕಾಗುತ್ತಿದ್ದುವು. ಕಣಜವು ಎಷ್ಟು ದೊಡ್ಡದಾಗಿದ್ದರೇನು? ಬಾಗಿಲು ಕಿರಿದಾಗಿದ್ದರೆ ಸುಗ್ಗಿಯ ದಿನ ಮೂಟೆಗಳು ಅಂಗಳದಲ್ಲೇ ಉಳಿಯುತ್ತವೆ.

ಓದುವುದು ಸುಲಭ, ಬರೆಯುವುದು ಕಷ್ಟ, ಹೀಗೇಕೆ? ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ. ಕಾರ್ಡಿನೊಳಗೆ ಸಿಲಿಕಾನಿನ ಬಿಲ್ಲೆಯ ಮೇಲೆ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳಿವೆ. ಒಂದೊಂದರಲ್ಲಿಯೂ ಅವಾಹಕದ ಗೋಡೆಯೊಳಗೆ ಎಲೆಕ್ಟ್ರಾನುಗಳನ್ನು ಸೆರೆಯಿಡುವ ಏರ್ಪಾಡು ಇದೆ. ಇಂಥ ಕೋಶದ ಕಲ್ಪನೆಯನ್ನು ೧೯೬೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಝೀ ಅವರು ಮುಂದಿಟ್ಟರು. ಸೆರೆಯಲ್ಲಿರುವ ಎಲೆಕ್ಟ್ರಾನುಗಳ ಪ್ರಮಾಣವೇ ಅಲ್ಲಿ ಬರೆದ ಅಕ್ಷರ. ಅದನ್ನು ಓದಬೇಕಾದರೆ ಕೋಶದ ಮೂಲಕ ವಿದ್ಯುತ್ತು ಹರಿಯುವುದೋ ಇಲ್ಲವೋ ಎಂದು ನೋಡಿದರಾಯಿತು. ಬರೆಯುವಾಗಲಾದರೋ ಎಲೆಕ್ಟ್ರಾನುಗಳನ್ನು ಗೋಡೆಯ ಆಚೆಗೆ ಸಾಗಿಸಬೇಕು. ಕ್ವಾಂಟಮ್ ನಿಯಮದಂತೆ ಅವು ಗೋಡೆಯನ್ನು ತೂರಿ ಹೋಗಬಲ್ಲವೆಂಬುದೇನೋ ನಿಜ. ಆದರೆ ಹೆಚ್ಚಿನ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ, ಪ್ರತಿಸಲವೂ ಸಾಕಷ್ಟು ಒಳಹೊಕ್ಕುವೇ ಎಂದು ಪರೀಕ್ಷಿಸುತ್ತಾ ಹೋಗಬೇಕಾಗುತ್ತದೆ. ಒಂದೇ ಕೋಶದಲ್ಲಿ ಮೂರು ಬಿಟ್‌ಗಳನ್ನು ಇಡುವ ಅಗ್ಗದ ಕಾರ್ಡುಗಳಲ್ಲಿ ಎಂಟು ಬೇರೆ ಬೇರೆ ಮಟ್ಟಗಳನ್ನು ತಪ್ಪದೆ ಗುರುತಿಸಬೇಕಾದುದರಿಂದ ಈ ಕೆಲಸ ಇನ್ನೂ ನಿಧಾನ.

ಇದಲ್ಲದೆ, ಬರೆದುದರಲ್ಲಿ ಒಂದಕ್ಷರವನ್ನು ಮಾತ್ರ ಅಳಿಸಲು ಬರುವುದಿಲ್ಲ. ಸ್ಲೇಟನ್ನು ಒರೆಸುವಂತೆ ಕೋಶಗಳ ಒಂದು ಗುಂಪನ್ನೇ ಒಟ್ಟಿಗೆ ಅಳಿಸಬೇಕು. ೧೯೮೦ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುಓಕಾ ಅವರು ಈ ಬಗೆಯ ಸ್ಮರಣೆಯನ್ನು ರೂಪಿಸಿದಾಗ, ಒಮ್ಮೆಗೇ ಅಳಿಸಿಹೋಗುವ ಈ ಪರಿಯು ಕ್ಯಾಮೆರಾದ ಮಿಂಚುದೀಪವನ್ನು ಹೋಲುತ್ತದೆಂದು ಅವರ ಸಹೋದ್ಯೋಗಿಯೊಬ್ಬರು ‘ಫ್ಲ್ಯಾಶ್’ ಎಂಬ ಹೆಸರನ್ನು ಸೂಚಿಸಿದರಂತೆ. ಅದೇ ಹೆಸರು ನಿಂತಿತು.

ಇನ್ನು ಕಾರ್ಡಿನ ಮೇಲಿನ ಗುರುತುಗಳನ್ನು ಓದುವ ಬಗೆ. ಹೆಚ್ಚಿನ ಕ್ಯಾಮೆರಾಗಳು ಬಳಸುವ ಎಸ್‌ಡಿ ಜಾತಿಯ ಕಾರ್ಡುಗಳಲ್ಲಿ ೨ ಗಿಗಾಬೈಟ್‌ವರೆಗಿನವು ಬರಿಯ ಎಸ್‌ಡಿ. ಅಲ್ಲಿಂದ ೩೨ರವರೆಗೆ ಎಸ್‌ಡಿಎಚ್‌ಸಿ. ಅದಕ್ಕೂ ಮೇಲೆ ೨ ಟೆರಾಬೈಟ್‌ವರೆಗೆ ಎಸ್‌ಡಿಎಕ್ಸ್‌ಸಿ. ಹಳೆಯ ಕ್ಯಾಮೆರಾ ಹೊಸ ಜಾತಿಯನ್ನು ಒಪ್ಪದಿರಬಹುದಾದುದರಿಂದ, ಅದರ ಕೈಪಿಡಿಯನ್ನು ಮೊದಲು ನೋಡತಕ್ಕದ್ದು.

ಬರೆಯುವ ವೇಗದ ಭರವಸೆ ಸಣ್ಣ ಗುರುತುಗಳಲ್ಲಿದೆ. ‘ಸಿ’ ಅಕ್ಷರದೊಳಗೆ ೧೦ ಇದ್ದರೂ, ‘ಯು’ ಅಕ್ಷರದೊಳಗೆ ೧ ಇದ್ದರೂ ಸೆಕೆಂಡಿಗೆ ಕನಿಷ್ಠ ೧೦ ಮೆಗಾಬೈಟ್. ‘ಯು’ ಒಳಗೆ ೩ ಇದ್ದರೆ ೩೦. ‘ವಿ’ ಅಕ್ಷರದ ಮುಂದಿನ ೬, ೧೦, ೩೦, ೬೦, ೯೦ ಎಂಬ ಅಂಕಿಗಳು ನೇರವಾಗಿ ಕನಿಷ್ಠ ವೇಗವನ್ನೇ ಹೇಳುತ್ತವೆ. ಚಲನಚಿತ್ರಕ್ಕೆ ಈ ಕನಿಷ್ಠವೇ ಮುಖ್ಯ. ನಡುವೆ ಒಂದು ಕ್ಷಣ ಕುಗ್ಗಿದರೂ ಚಿತ್ರೀಕರಣ ನಿಂತೀತು. ಕ್ಯಾಮೆರಾದ ಕೈಪಿಡಿಯಲ್ಲಿ ಚಲನಚಿತ್ರದ ವೇಗವನ್ನು ಬಿಟ್‌ಗಳಲ್ಲಿ ಹೇಳಿರುತ್ತಾರೆ, ಕಾರ್ಡಿನ ಮೇಲೆ ಬೈಟ್‌ಗಳಲ್ಲಿ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ ಸೆಕೆಂಡಿಗೆ ೧೦೦ ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್. ‘ವಿ ೩೦’ ಧಾರಾಳವಾಗಿ ಸಾಕು. ೪೦೦ ಮೆಗಾಬಿಟ್ ಆದರೆ ೫೦ ಮೆಗಾಬೈಟ್. ‘ವಿ ೬೦’ ಬೇಕು.

ಮನೆಯ ಹಬ್ಬಹರಿದಿನಗಳಲ್ಲಿ ಒಂದೊಂದಾಗಿ ಚಿತ್ರ ತೆಗೆಯುವವರಿಗೆ ಅತಿವೇಗದ ಕಾರ್ಡು ವ್ಯರ್ಥ ಖರ್ಚು. ಹಕ್ಕಿ, ಆಟೋಟ, ಗ್ರಹಣಗಳ ಬೆನ್ನು ಹತ್ತುವವರು ಮಾತ್ರ ಯುಎಚ್‌ಎಸ್-೨ ಎಂಬ ಬಗೆಯನ್ನು ವಿಚಾರಿಸಬಹುದು. ಇದರ ಬೆನ್ನಿನಲ್ಲಿ ಎರಡು ಸಾಲು ಲೋಹದ ಪಟ್ಟಿಗಳಿವೆ. ಮೊದಲ ಬಗೆಯ ಹಾದಿಯ ಮಿತಿ ಸೆಕೆಂಡಿಗೆ ೧೦೪ ಮೆಗಾಬೈಟಾದರೆ, ಇದರದು ೩೧೨. ಆದರೆ ಕ್ಯಾಮೆರಾದಲ್ಲಿಯೂ ಎರಡನೆಯ ಸಾಲಿಗೆ ಏರ್ಪಾಡಿಲ್ಲದಿದ್ದರೆ ಕಾರ್ಡು ಹಳೆಯ ವೇಗದಲ್ಲೇ ನಡೆಯುತ್ತದೆ. ಹೆಚ್ಚು ತೆತ್ತ ಹಣ ನೀರುಪಾಲು.

ನಕಲಿ ಕಾರ್ಡುಗಳ ವಿಷಯವನ್ನೂ ಹೇಳಬೇಕು. ೮ ಗಿಗಾಬೈಟಿನ ಕಾರ್ಡಿಗೆ ೧೨೮ ಎಂದು ಸುಳ್ಳು ಹೇಳಲು ಕಲಿಸಿ ಮಾರುವುದುಂಟು. ಅದು ನಿಜವಾಗಿ ತುಂಬಿದ ಮೇಲೂ ಚಿತ್ರಗಳನ್ನು ಸ್ವೀಕರಿಸುತ್ತಲೇ ಇರುತ್ತದೆ; ಹಳೆಯವು ಅಳಿಯುತ್ತವೆ, ಇಲ್ಲವೆ ಹೊಸವು ಉಳಿಯುವುದೇ ಇಲ್ಲ. ಮದುವೆ ಮುಗಿದ ಮೇಲೆ ಇದು ಗೊತ್ತಾದರೆ ಫಲವೇನು? ಕಾರ್ಡನ್ನು ಕೊಂಡ ದಿನವೇ ಪೂರ್ತಿ ತುಂಬಿ, ಮತ್ತೆ ಓದಿ, ತಾಳೆ ನೋಡಬೇಕು. ಇದಕ್ಕೆಂದೇ ‘ಎಫ್-ತ್ರೀ’ಯಂಥ ಉಚಿತ ತಂತ್ರಾಂಶಗಳಿವೆ. ೬೪ ಗಿಗಾಬೈಟಿನ ಕಾರ್ಡನ್ನು ಕಂಪ್ಯೂಟರು ೫೯ ಚಿಲ್ಲರೆ ಎಂದು ತೋರಿಸಿದರೆ ಮಾತ್ರ ಗಾಬರಿ ಬೇಡ. ತಯಾರಕರು ನೂರು ಕೋಟಿ ಬೈಟುಗಳನ್ನು ಒಂದು ಗಿಗಾಬೈಟೆಂದು ಎಣಿಸುತ್ತಾರೆ. ಹಲವು ಕಂಪ್ಯೂಟರುಗಳು ಎರಡರ ಮೂವತ್ತನೆಯ ಘಾತವನ್ನು, ಎಂದರೆ ಸುಮಾರು ೧೦೭ ಕೋಟಿಯನ್ನು ಎಣಿಸುತ್ತವೆ. ವ್ಯತ್ಯಾಸ ಅಳತೆಗೋಲಿನದು, ಮೋಸವಲ್ಲ.

ಕೊನೆಯದಾಗಿ, ಕಾರ್ಡು ಚಿತ್ರಗಳ ಶಾಶ್ವತ ಭಂಡಾರವಲ್ಲ. ಪ್ರತಿಯೊಂದು ಬರಹವೂ ಅವಾಹಕದ ಗೋಡೆಯನ್ನು ಎಳ್ಳಷ್ಟು ಸವೆಸುತ್ತದೆ. ಸೆರೆಯಾದ ಎಲೆಕ್ಟ್ರಾನುಗಳು ವರುಷಗಳಲ್ಲಿ ಮೆಲ್ಲನೆ ಸೋರುತ್ತವೆ. ಬಿಸಿಯು ಸೋರಿಕೆಯನ್ನು ಹೆಚ್ಚಿಸುತ್ತದೆ. ಆದುದರಿಂದ ಚಿತ್ರಗಳನ್ನು ಬೇಗನೆ ಬೇರೆ ಎರಡು ಕಡೆ ನಕಲಿಸಿಟ್ಟು, ಆ ಮೇಲೆ ಕ್ಯಾಮೆರಾದಲ್ಲಿಯೇ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಒಳ್ಳೆಯ ಪದ್ಧತಿ. ಚಿತ್ರಗಳು ಅಕಸ್ಮಾತ್ತಾಗಿ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯಬಾರದು. ಹೊಸ ಬರಹ ಬೀಳದಿದ್ದರೆ ಹಳೆಯದು ಮರಳಿ ದೊರೆಯುವ ಸಂಭವವುಂಟು.

ಕುಟ್ಟದಿಂದ ತಂದ ಚಿತ್ರಗಳಲ್ಲಿ ಪೂರ್ಣ ಬಳೆಯೇನೋ ಇದೆ. ಅದು ಕೂಡಿಕೊಂಡ ಕ್ಷಣವಿಲ್ಲ. ಆ ಕಾರ್ಡನ್ನು ನಾವು ಎಸೆದಿಲ್ಲ. ಪ್ರಯೋಗಶಾಲೆಯಲ್ಲಿಟ್ಟು, ಹೊಸ ವಿದ್ಯಾರ್ಥಿಗಳಿಗೆ ಅದರ ಓದುವ ವೇಗವನ್ನೂ ಬರೆಯುವ ವೇಗವನ್ನೂ ಅಳೆಯಲು ಕೊಡುತ್ತೇವೆ. ೨೦೩೧ರ ಮೇ ೨೧ರಂದು ಕೇರಳ ಮತ್ತು ತಮಿಳುನಾಡುಗಳ ಮೇಲೆ ಮತ್ತೊಂದು ಕಂಕಣಗ್ರಹಣ ಹಾದುಹೋಗಲಿದೆ. ಅಂದು ಕ್ಯಾಮೆರಾದ ಗುಂಡಿ ಯಾರ ಕೈಯಲ್ಲಿರುವುದೋ ಅವರು ಕಣಜವನ್ನು ಮಾತ್ರವಲ್ಲದೆ ಬಾಗಿಲನ್ನೂ ಅಳೆದು ಬಂದಿರಲಿ.