ಬೇಡವೆಂದು ಬಿಟ್ಟ ಆರ್ಡರಿನ ಲಾಭ

ಜರ್ಮನಿಯ ಸೀಮೆನ್ಸ್ ಕಂಪನಿಯ ಕಚೇರಿಗಳಲ್ಲಿ ಒಂದು ಕಾಲಕ್ಕೆ ನಗದು ಕೌಂಟರ್‌ಗಳಿದ್ದವು. ನೌಕರರು ಖಾಲಿ ಸೂಟ್‌ಕೇಸ್ ಹಿಡಿದು ಹೋಗಿ, ಒಂದೇ ಸಲಕ್ಕೆ 10 ಲಕ್ಷ ಯೂರೊವರೆಗೆ ತುಂಬಿಸಿಕೊಂಡು ಬರಬಹುದಿತ್ತು. ಹಣ ಮಂಜೂರು ಮಾಡಿದ ಅಧಿಕಾರಿಯ ಸಹಿ ಎಷ್ಟೋ ಬಾರಿ ಕಾಗದದ ಮೇಲಿರುತ್ತಿರಲಿಲ್ಲ, ಅದಕ್ಕೆ ಅಂಟಿಸಿದ ಪುಟ್ಟ ಚೀಟಿಯ ಮೇಲಿರುತ್ತಿತ್ತು. ಚೀಟಿ ಕಿತ್ತರೆ ಸಹಿಯೂ ಮಾಯ. ಬಾಂಗ್ಲಾದೇಶದ ಮೊಬೈಲ್ ಜಾಲ, ವೆನೆಜುವೆಲಾದ ಮೆಟ್ರೊ ರೈಲು, ಅರ್ಜೆಂಟೀನಾದ ರಾಷ್ಟ್ರೀಯ ಗುರುತಿನ ಚೀಟಿ ಯೋಜನೆ, ಇಂಥ ಗುತ್ತಿಗೆಗಳಿಗಾಗಿ ಲಂಚ ಹರಿಯಿತು. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ 2001ರಿಂದ 2007ರ ನಡುವೆ ಕನಿಷ್ಠ 4,283 ಬಾರಿ ಹಣ ಸಂದಾಯವಾಗಿತ್ತು. ಒಟ್ಟು ಸುಮಾರು 140 ಕೋಟಿ ಡಾಲರ್.

ಇಷ್ಟೆಲ್ಲ ನಡೆಯುವಾಗ ಕಂಪನಿಗೆ ನೀತಿಸಂಹಿತೆ ಇರಲಿಲ್ಲವೇ? ಇತ್ತು. ಲಂಚ ಕೊಡಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದೂ ಇತ್ತು. ವಿದೇಶದಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆಯಲ್ಲಿ ಕಳೆದುಕೊಳ್ಳಲು ಜರ್ಮನಿಯ ಕಾನೂನು 1999ರವರೆಗೂ ಅವಕಾಶ ಕೊಟ್ಟಿತ್ತು. ಆಮೇಲೆ ಕಾನೂನು ಬದಲಾಯಿತು. 2001ರ ಮಾರ್ಚ್‌ನಲ್ಲಿ ಸೀಮೆನ್ಸ್ ನ್ಯೂಯಾರ್ಕ್ ಷೇರುಪೇಟೆ ಸೇರಿತು, ಅಮೆರಿಕದ 1977ರ ಲಂಚ ವಿರೋಧಿ ಕಾಯ್ದೆಯ ವ್ಯಾಪ್ತಿಗೂ ಬಂತು. ಕೈಪಿಡಿ ಅಚ್ಚಾಯಿತು, ಹಂಚಿದ್ದೂ ಆಯಿತು. ಆದರೆ ನಿಯಮ ಪಾಲನೆ ನೋಡಿಕೊಳ್ಳಬೇಕಾದವರಿಗೆ ಸಾಕಷ್ಟು ಸಿಬ್ಬಂದಿ ಇರಲಿಲ್ಲ, ಒಂದು ಗುತ್ತಿಗೆಯನ್ನು ತಡೆಯುವ ಅಧಿಕಾರವಂತೂ ಇರಲೇ ಇಲ್ಲ. ಮಾರಾಟದ ಗುರಿ ಮುಟ್ಟಿದವನಿಗೆ ಬಡ್ತಿ ಸಿಗುತ್ತಿತ್ತು, ಗುರಿ ಹೇಗೆ ಮುಟ್ಟಿದೆ ಎಂದು ಕೇಳುವವರಿರಲಿಲ್ಲ.

ವ್ಯವಹಾರ ನೀತಿ ಕಂಪನಿಗೆ ಪೈಪೋಟಿಯಲ್ಲಿ ಬಲ ತರುತ್ತದೆ ಎಂಬ ಮಾತನ್ನು ಉದ್ಯಮದ ಸಭೆಗಳಲ್ಲಿ ಈಗ ಎಲ್ಲರೂ ಆಡುತ್ತಾರೆ. ಆ ಮಾತನ್ನು ನಾನು ನಂಬುತ್ತೇನೆ. ಆದರೆ ಅದನ್ನು ನಂಬುವುದಕ್ಕೆ ಕಾರಣ ಬೇಕಿದ್ದರೆ ಒಳ್ಳೆಯ ಕೈಪಿಡಿಗಳನ್ನು ಓದಿ ಪ್ರಯೋಜನವಿಲ್ಲ, ಸೀಮೆನ್ಸ್‌ಗೆ ಮುಂದೆ ಏನಾಯಿತು ಎಂಬುದನ್ನು ನೋಡಬೇಕು.

2006ರ ನವೆಂಬರ್ 15ರಂದು ಸುಮಾರು 200 ಪೊಲೀಸರು ಮತ್ತು ತನಿಖಾಧಿಕಾರಿಗಳು ಮ್ಯೂನಿಕ್ ಹಾಗೂ ಇತರ ಕಡೆಗಳಲ್ಲಿನ ಸೀಮೆನ್ಸ್ ಕಚೇರಿಗಳ ಮೇಲೆ ದಾಳಿ ಮಾಡಿದರು. ಮುಂದಿನ ವರ್ಷ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರೂ ಮುಖ್ಯ ಕಾರ್ಯನಿರ್ವಾಹಕರೂ ಕುರ್ಚಿ ಬಿಟ್ಟರು. 2007ರ ಜುಲೈನಲ್ಲಿ ಆಸ್ಟ್ರಿಯದ ಪೀಟರ್ ಲೋಷರ್ ಬಂದರು. 1847ರಲ್ಲಿ ಹುಟ್ಟಿದ ಆ ಕಂಪನಿಗೆ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥ ಅವರು. ಕೆಲವೇ ತಿಂಗಳಲ್ಲಿ ಅತ್ಯುನ್ನತ ಹಂತದ ಸುಮಾರು ಶೇ 80ರಷ್ಟು ಅಧಿಕಾರಿಗಳು ಬದಲಾದರು, ಅದರ ಕೆಳಗಿನ ಹಂತದಲ್ಲಿ ಶೇ 70ರಷ್ಟು. ತಪ್ಪನ್ನು ತಾವಾಗಿ ಬಂದು ಹೇಳಿದ ಕೆಳಹಂತದ ನೌಕರರಿಗೆ ಕ್ಷಮೆ ಎಂದು ಕಂಪನಿ ಸಾರಿತು. ನೂರಕ್ಕೂ ಹೆಚ್ಚು ಮಂದಿ ಬಾಯಿ ಬಿಟ್ಟರು. ಯಾರ ಮೂಲಕ, ಯಾವ ಖಾತೆಗೆ, ಯಾವ ಹೆಸರಿನ ಸಲಹೆಗಾರರಿಗೆ ಹಣ ಹೋಯಿತೆಂಬ ಜಾಡು ಸಿಕ್ಕಿದ್ದರಲ್ಲಿ ಈ ಮಾತುಗಳ ಪಾಲು ದೊಡ್ಡದು. ವಕೀಲರು ಮತ್ತು ಲೆಕ್ಕಪರಿಶೋಧಕರಿಗೇ ಕಂಪನಿ 85 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು.

2008ರ ಡಿಸೆಂಬರ್ 15ರಂದು ವಾಷಿಂಗ್ಟನ್‌ನಲ್ಲಿ ಸೀಮೆನ್ಸ್ ತಪ್ಪೊಪ್ಪಿಕೊಂಡಿತು. ಅಮೆರಿಕ ಮತ್ತು ಜರ್ಮನಿ ಎರಡೂ ಕಡೆ ಸೇರಿ ಅದು ಕಟ್ಟಿದ ದಂಡ ಸುಮಾರು 160 ಕೋಟಿ ಡಾಲರ್, ಅಂದರೆ ಹೆಚ್ಚುಕಡಿಮೆ ಲಂಚದಷ್ಟೇ. ಇನ್ನು ಆರು ವರ್ಷ ಮುಂದಕ್ಕೆ ಬನ್ನಿ. ರೈಲು ಮತ್ತು ವಿದ್ಯುತ್ ಯಂತ್ರಗಳ ವ್ಯಾಪಾರದಲ್ಲಿ ಸೀಮೆನ್ಸ್‌ಗೆ ಆಗ ನೇರ ಎದುರಾಳಿಯಾಗಿದ್ದ ಫ್ರಾನ್ಸಿನ ಆಲ್‌ಸ್ಟೋಮ್ 2014ರ ಡಿಸೆಂಬರ್‌ನಲ್ಲಿ ಇಂಥದೇ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿತು. ಲಂಚ 7.5 ಕೋಟಿ ಡಾಲರಿಗಿಂತ ಸ್ವಲ್ಪ ಹೆಚ್ಚು, ದಂಡ 77.2 ಕೋಟಿ ಡಾಲರ್. ಹತ್ತು ಪಟ್ಟು! ವ್ಯತ್ಯಾಸಕ್ಕೆ ಅಮೆರಿಕದ ನ್ಯಾಯ ಇಲಾಖೆ ಕಾರಣಗಳನ್ನು ಬರೆದಿಟ್ಟಿದೆ: ಆಲ್‌ಸ್ಟೋಮ್ ತಾನಾಗಿ ಹೇಳಲಿಲ್ಲ, ತನಿಖೆಗೆ ಹಲವು ವರ್ಷ ಸಹಕರಿಸಲಿಲ್ಲ, ಆ ಕಾಲದಲ್ಲಿ ಅದರ ಒಳಗಿನ ನಿಯಮ ಪಾಲನೆ ವ್ಯವಸ್ಥೆ ಪರಿಣಾಮಕಾರಿಯಾಗಿರಲಿಲ್ಲ. ಸೀಮೆನ್ಸ್ ಕೂಡ ಪೊಲೀಸರು ಬಾಗಿಲು ತಟ್ಟಿದ ಮೇಲೆಯೇ ಎಚ್ಚತ್ತದ್ದು ನಿಜ. ಎಚ್ಚತ್ತ ಮೇಲೆ ಏನನ್ನೂ ಬಚ್ಚಿಡಲು ಹೋಗಲಿಲ್ಲ ಎಂಬುದಷ್ಟೇ ಅದನ್ನು ಉಳಿಸಿತು. ತಪ್ಪೊಪ್ಪಿಗೆಯ ನಂತರವೂ ಅಮೆರಿಕ ಸರ್ಕಾರದ ಟೆಂಡರ್‌ಗಳಲ್ಲಿ ಪಾಲ್ಗೊಳ್ಳುವ ಅರ್ಹತೆ ಅದಕ್ಕೆ ಉಳಿಯಿತು. ಸರ್ಕಾರಗಳಿಗೇ ಸರಕು ಮಾರಿ ಬದುಕುವ ಕಂಪನಿಗೆ ದಂಡಕ್ಕಿಂತ ದೊಡ್ಡ ಭಯ ಕಪ್ಪುಪಟ್ಟಿಯದು.

ಎಲ್ಲವೂ ಪುಕ್ಕಟೆಯಾಗಿ ಆಗಲಿಲ್ಲ. ವಿಶ್ವಬ್ಯಾಂಕ್ ಹಣದ ಯೋಜನೆಗಳಿಂದ ಸೀಮೆನ್ಸ್ ಎರಡು ವರ್ಷ ದೂರ ನಿಂತಿತು. ಭ್ರಷ್ಟಾಚಾರ ತಡೆಯುವ ಕೆಲಸಗಳಿಗೆ 15 ವರ್ಷಗಳಲ್ಲಿ 10 ಕೋಟಿ ಡಾಲರ್ ಕೊಡುವುದಾಗಿ 2009ರಲ್ಲಿ ಬ್ಯಾಂಕಿನೊಂದಿಗೆ ಒಪ್ಪಂದ ಮಾಡಿಕೊಂಡಿತು.

ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡದ್ದು ಬ್ರೆಜಿಲ್‌ನ ಪ್ರಸಂಗ. ಸಾವೊ ಪಾಲೊ ಮುಂತಾದ ಕಡೆ ಮೆಟ್ರೊ ಮತ್ತು ರೈಲು ಗುತ್ತಿಗೆಗಳಲ್ಲಿ ಕಂಪನಿಗಳು ಮೊದಲೇ ಮಾತಾಡಿಕೊಂಡು, ಯಾರು ಯಾವ ಟೆಂಡರ್ ಗೆಲ್ಲಬೇಕೆಂದು ಹಂಚಿಕೊಳ್ಳುತ್ತಿದ್ದವು. ಆ ಕೂಟದಲ್ಲಿ ಸೀಮೆನ್ಸ್ ಕೂಡ ಇತ್ತು. 2013ರಲ್ಲಿ ಅದು ತಾನಾಗಿಯೇ ಅಲ್ಲಿನ ಸ್ಪರ್ಧಾ ಆಯೋಗಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಸಿತು. 2019ರ ಜುಲೈನಲ್ಲಿ ಆಯೋಗ 11 ಕಂಪನಿಗಳಿಗೆ ದಂಡ ಹಾಕಿದಾಗ, ಮೊದಲು ಹೇಳಿದ ಸೀಮೆನ್ಸ್ ಆ ದಂಡದಿಂದ ಪಾರಾಯಿತು. ಪೊಲೀಸರು ಬಂದಾಗ ಬಾಯಿ ಬಿಡುವುದು ಬೇರೆ, ಯಾರೂ ಬಾರದಿದ್ದಾಗ ತಾನೇ ಹೋಗಿ ಹೇಳುವುದು ಬೇರೆ. ಏಳು ವರ್ಷದಲ್ಲಿ ಆ ಕಂಪನಿ ನಡೆದ ದೂರ ಇದು.

ಎದುರಾಳಿ ನಕಲು ಮಾಡಲಾಗದ್ದನ್ನು ಮಾತ್ರ ಪೈಪೋಟಿಯ ಬಲ ಎನ್ನಬಹುದು. ಕೈಪಿಡಿಯನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ನಕಲು ಮಾಡಬಹುದು. ‘ಈ ಆರ್ಡರ್ ಬೇಡ’ ಎಂದು ಮಾರಾಟ ವಿಭಾಗದ ಮುಖ್ಯಸ್ಥನಿಗೆ ಹೇಳಬಲ್ಲ ಒಬ್ಬ ಅಧಿಕಾರಿ, ಅವನ ಬೆನ್ನಿಗೆ ನಿಲ್ಲುವ ಮಾಲೀಕ, ಆರ್ಡರ್ ಹೋದರೂ ಆ ವರ್ಷ ಬೋನಸ್ ಕಡಿತವಾಗದ ಪದ್ಧತಿ, ಇವನ್ನು ಕಟ್ಟಲು ವರ್ಷಗಳೇ ಬೇಕು. ಹಾಗೆ ಕಟ್ಟಿದ ಮೇಲೆ ಸುದ್ದಿ ಹಬ್ಬುತ್ತದೆ. ಇವರ ಹತ್ತಿರ ಕೇಳಿ ಉಪಯೋಗವಿಲ್ಲ ಎಂದು ಕೇಳುವವರಿಗೂ ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಲಂಚವನ್ನು ಎರಡು ಕಂಪನಿಗಳ ನಡುವಿನ ಪೈಪೋಟಿಯಾಗಿ ಮಾತ್ರ ನೋಡುವುದು ಅನ್ಯಾಯ. ಕಮಿಷನ್ ಯಾವತ್ತೂ ಗುತ್ತಿಗೆಯ ಬೆಲೆಯೊಳಗೇ ಅಡಗಿರುತ್ತದೆ. ಢಾಕಾದಲ್ಲಿ ಮೊಬೈಲ್ ರೀಚಾರ್ಜ್ ಮಾಡಿಸಿದವರು, ವೆನೆಜುವೆಲಾದಲ್ಲಿ ಮೆಟ್ರೊ ಟಿಕೆಟ್ ಕೊಂಡವರು, ತೆರಿಗೆ ಕಟ್ಟಿದವರು ಅದನ್ನು ತುಂಬಿದರು. ಅವರಿಗೆ ಯಾವ ಕೋರ್ಟೂ ಚಿಲ್ಲರೆ ವಾಪಸ್ ಕೊಡಲಿಲ್ಲ.

ಸೀಮೆನ್ಸ್‌ಗೂ ಆಲ್‌ಸ್ಟೋಮ್‌ಗೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಇಂಥ ಕಂಪನಿಗಳಿಗೆ ಬಿಡಿಭಾಗ ಒದಗಿಸಬೇಕಾದರೆ ಪೀಣ್ಯ, ಬೊಮ್ಮಸಂದ್ರದ ಸಣ್ಣ ಕಾರ್ಖಾನೆಯೂ ಸರಬರಾಜುದಾರರ ನೀತಿಸಂಹಿತೆಗೆ ಸಹಿ ಹಾಕಬೇಕಾಗುತ್ತದೆ. ಲಂಚ ಕೊಡುವುದಿಲ್ಲ, ಬಾಲಕಾರ್ಮಿಕರನ್ನು ಇಟ್ಟುಕೊಂಡಿಲ್ಲ, ತ್ಯಾಜ್ಯವನ್ನು ಚರಂಡಿಗೆ ಬಿಡುವುದಿಲ್ಲ ಎಂಬ ಮಾತುಗಳು ಅದರಲ್ಲಿರುತ್ತವೆ. ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳ ದೊಡ್ಡ ಟೆಂಡರ್‌ಗಳಿಗೆ ಪ್ರಾಮಾಣಿಕತೆಯ ಒಪ್ಪಂದವಿದೆ, ಅದರ ಮೇಲೆ ಕಣ್ಣಿಡಲು ಹೊರಗಿನ ನಿಗಾದಾರರೂ ಇದ್ದಾರೆ. 2018ರಲ್ಲಿ ತಿದ್ದುಪಡಿಯಾದ ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆ ಕೊಡುವವನನ್ನೂ ಅಪರಾಧಿಯೆಂದೇ ನೋಡುತ್ತದೆ. ಸಂಸ್ಥೆಯ ಪರವಾಗಿ ಯಾರೋ ಲಂಚ ಕೊಟ್ಟರೆ ಸಂಸ್ಥೆಯೂ ಹೊಣೆ. ತಡೆಯಲು ಸಾಕಷ್ಟು ವ್ಯವಸ್ಥೆ ಮಾಡಿದ್ದೆವೆಂದು ತೋರಿಸಬಲ್ಲ ಸಂಸ್ಥೆಗೆ ಅದೇ ರಕ್ಷಣೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಅಪರಾಧವಾಗುವುದಿಲ್ಲ.

ಕಾಯ್ದೆಯಲ್ಲಿ ಇಷ್ಟಿದ್ದರೂ, ಇಪ್ಪತ್ತು ಜನರ ಮಷೀನ್ ಶಾಪ್ ನಡೆಸುವವರು ಒಂಟಿಯಾಗಿ ಮಾಮೂಲು ಕೊಡುವುದಿಲ್ಲ ಎಂದರೆ ಅವರ ಕಡತ ಮೇಜಿನಿಂದ ಕದಲುವುದಿಲ್ಲ. ಎರಡು ವರ್ಷ ಟೆಂಡರ್ ಬಿಟ್ಟು ಬದುಕುವ ಶಕ್ತಿ ಸೀಮೆನ್ಸ್‌ಗಿತ್ತು, ಇವರಿಗಿಲ್ಲ. ಆದ್ದರಿಂದ ಈ ಕೆಲಸ ಆಗಬೇಕಾದದ್ದು ಕೈಗಾರಿಕಾ ಸಂಘಗಳಲ್ಲಿ. ಒಂದೇ ಬಡಾವಣೆಯ ಕಾರ್ಖಾನೆಗಳೆಲ್ಲ ಒಂದೇ ಸಂಹಿತೆಗೆ ಸಹಿ ಹಾಕಿ, ಅದರ ಪ್ರತಿಯನ್ನು ವಿದ್ಯುತ್ ಕಂಪನಿಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಯವರೆಗೆ ಎಲ್ಲ ಕಚೇರಿಗಳಿಗೂ ಕಳಿಸಬಹುದು. ಯಾವ ಕಡತ ಎಲ್ಲಿ ಎಷ್ಟು ದಿನದಿಂದ ನಿಂತಿದೆ ಎಂಬ ಪಟ್ಟಿಯನ್ನು ಸಂಘವೇ ಇಟ್ಟುಕೊಂಡು ಪ್ರತಿ ತಿಂಗಳು ಪ್ರಕಟಿಸಬಹುದು. ಆ ಏಳು ದಿನಗಳ ದೂರು ಬರೆದುಕೊಡಲು ವಕೀಲರನ್ನೂ, ಲೋಕಾಯುಕ್ತದ ಬಾಗಿಲಿಗೆ ಜೊತೆಯಲ್ಲಿ ಹೋಗಲು ಪದಾಧಿಕಾರಿಗಳನ್ನೂ ಸಂಘ ಒದಗಿಸಬಹುದು.