ಕೆನರಿಯಲ್ಲದ ಕೆನರಿ

ಬ್ರೆಜಿಲ್ ಎಂದೊಡನೆ ಕಾಫಿ ಬೆಳೆಗಾರರಿಗೆ ನೆನಪಾಗುವುದು ಹಿಮ ಮತ್ತು ಧಾರಣೆ. 1975ರ ಜುಲೈ ತಿಂಗಳಲ್ಲಿ ಅಲ್ಲಿನ ಪರಾನಾ ಪ್ರಾಂತ್ಯದ ತೋಟಗಳು ಹಿಮಕ್ಕೆ ಕರಕಾದದ್ದನ್ನೂ, ಅದರಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿದ್ದನ್ನೂ ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಈ ಸಲ ಅದೇ ಸೀಮೆಯ ಒಂದು ಪುಟ್ಟ ಹಕ್ಕಿಯ ವಿಚಾರವನ್ನು ಬಾಂಧವರ ಮುಂದಿಡುತ್ತಿದ್ದೇವೆ.

ಇದರ ಇಂಗ್ಲಿಷ್ ಹೆಸರು ಸ್ಯಾಫ್ರನ್ ಫಿಂಚ್. ಉದ್ದ ಸುಮಾರು 14 ಸೆಂಟಿಮೀಟರು, ತೂಕ ಹೆಚ್ಚುಕಡಿಮೆ 20 ಗ್ರಾಂ. ಗಂಡಿನ ಮೈ ಅರಿಸಿನದ ಬಣ್ಣ, ನೆತ್ತಿ ಕಿತ್ತಳೆ. ನೆಲದ ಮೇಲೆ ಕುಪ್ಪಳಿಸುತ್ತ ಹುಲ್ಲಿನ ಬೀಜ ಹೆಕ್ಕಿ ತಿನ್ನುತ್ತದೆ. ಬ್ರೆಜಿಲಿನವರು ಇದನ್ನು 'ನೆಲದ ಕೆನರಿ' ಎಂದೇ ಕರೆಯುತ್ತಾರೆ. ಪೊಟರೆಗಳಲ್ಲಿ ಗೂಡು ಮಾಡುತ್ತದೆ. ಒಲೆಯ ಆಕಾರದಲ್ಲಿ ಮಣ್ಣಿನ ಗೂಡು ಕಟ್ಟುವ ಹಾರ್ನೆರೊ ಹಕ್ಕಿ ಬಿಟ್ಟುಹೋದ ಮನೆಯೂ ಇದಕ್ಕೆ ಆದೀತು.

ಕುಲ ಯಾವುದು?

ನಿಜವಾದ ಕೆನರಿಗೂ ಇದಕ್ಕೂ ಹತ್ತಿರದ ನಂಟಿಲ್ಲ. 1766ರಲ್ಲಿ ಲಿನೇಯಸ್ ಪಂಡಿತನು ಇದನ್ನು ಯೂರೋಪಿನ ಫಿಂಚ್‌ಗಳ ಸಾಲಿಗೆ ಸೇರಿಸಿದ. 1828ರಲ್ಲಿ ಬೋಯಿ ಎಂಬ ವಿಜ್ಞಾನಿ 'ಸಿಕಾಲಿಸ್' ಎಂಬ ಪ್ರತ್ಯೇಕ ಜಾತಿಯನ್ನು ಹೆಸರಿಸಿದ; ಇಂದು ಈ ಹಕ್ಕಿ 'ಸಿಕಾಲಿಸ್ ಫ್ಲೇವಿಯೋಲ'. ಬಹುಕಾಲ ಇದನ್ನು ಬಂಟಿಂಗ್ ಹಕ್ಕಿಗಳ ಕುಟುಂಬದಲ್ಲಿ ಇಟ್ಟಿದ್ದರು. ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ ಇದು ಅಮೆರಿಕಾ ಖಂಡದ ಟ್ಯಾನಜರ್ ಕುಟುಂಬದ್ದೆಂದು ತಿಳಿಯಿತು. ಗಲಾಪಗೋಸ್ ದ್ವೀಪಗಳ ಡಾರ್ವಿನ್ ಫಿಂಚ್‌ಗಳೂ ಇದೇ ಮನೆತನದವು.

ಎಲ್ಲರನ್ನೂ ದಾರಿ ತಪ್ಪಿಸಿದ್ದು ಕೊಕ್ಕು. ಕಾಳು ಒಡೆಯುವ ಕಸುಬಿಗೆ ಗಿಡ್ಡ, ದಪ್ಪ ಕೊಕ್ಕು ಬೇಕು. ಆದ್ದರಿಂದ ಸಂಬಂಧವಿಲ್ಲದ ಕುಲಗಳಲ್ಲೂ ಅದು ಬೇರೆ ಬೇರೆಯಾಗಿಯೇ ಮೂಡಿದೆ. ನಮ್ಮ ಗದ್ದೆಯ ರಾಟವಾಳ ಮತ್ತು ಗೀಜಗಗಳನ್ನೇ ನೋಡಿ: ಎರಡಕ್ಕೂ ದಪ್ಪ ಕೊಕ್ಕು, ಆದರೆ ಕುಟುಂಬ ಬೇರೆ.

ನೆಲೆ ಎಲ್ಲಿ?

ಉತ್ತರದಲ್ಲಿ ಕೊಲಂಬಿಯಾ, ವೆನೆಜುವೆಲಾ. ಪಶ್ಚಿಮದಲ್ಲಿ ಈಕ್ವೆಡಾರ್ ಮತ್ತು ಪೆರುವಿನ ಕೆಲಭಾಗ. ಪೂರ್ವ ಮತ್ತು ದಕ್ಷಿಣದಲ್ಲಿ ಬ್ರೆಜಿಲಿನಿಂದ ಅರ್ಜೆಂಟೀನಾದ ಉತ್ತರಭಾಗದವರೆಗೆ ಇದರ ನೆಲೆ. ನಡುವಿನ ಅಮೆಜಾನಿನ ದಟ್ಟ ಕಾಡು ಇದಕ್ಕೆ ಒಗ್ಗದು. ಬಯಲು, ಹುಲ್ಲುಗಾವಲು, ಹೊಲದಂಚು ಇದಕ್ಕೆ ಪ್ರಿಯ. ಹೀಗಾಗಿ ಕಾಡು ಕಡಿದ ಜಾಗಕ್ಕೂ ಹೊಂದಿಕೊಂಡಿದೆ. ಮನುಷ್ಯರು ಒಯ್ದದ್ದರಿಂದ ಜಮೈಕಾ, ಹವಾಯಿಗಳಲ್ಲೂ ನೆಲೆಸಿದೆ.

ಹೆಸರು ತಪ್ಪಿದರೆ ನಷ್ಟವೇನು?

ಹಾಡಿಗಾಗಿ ಇದನ್ನು ಪಂಜರದಲ್ಲಿಡುತ್ತಾರೆ. ಗಂಡುಗಳ ಜಗಳಗಂಟ ಸ್ವಭಾವದಿಂದ, ಕಾಳಗಕ್ಕೆ ಬಿಟ್ಟು ಬಾಜಿ ಕಟ್ಟುವವರೂ ಇದ್ದಾರೆ. ಕಾಡಿನ ಹಕ್ಕಿ ಹಿಡಿಯುವುದನ್ನು ಬ್ರೆಜಿಲ್ 1967ರಲ್ಲೇ ನಿಷೇಧಿಸಿತು, 1998ರ ಕಾನೂನು ಶಿಕ್ಷೆಯನ್ನು ವಿಧಿಸಿತು. ಆದರೂ ಕಳ್ಳವ್ಯಾಪಾರ ನಿಂತಿಲ್ಲ. ವಶಪಡಿಸಿಕೊಂಡ ಹಕ್ಕಿಯನ್ನು ಎಲ್ಲಿ ಬಿಡಬೇಕು ಎಂಬಲ್ಲಿ ತೊಡಕು. ದಕ್ಷಿಣದ ಉಪಜಾತಿಯ ಬಣ್ಣ ಮಂಕು, ಬೆನ್ನಿನಲ್ಲಿ ಗೆರೆಗಳು ಹೆಚ್ಚು. ಒಂದು ಸೀಮೆಯದನ್ನು ಇನ್ನೊಂದರಲ್ಲಿ ಬಿಟ್ಟರೆ ತಳಿಗಳು ಬೆರೆಯುತ್ತವೆ, ಪಂಜರದ ರೋಗವೂ ಹರಡೀತು. ಸಸಿಮಡಿಯಲ್ಲಿ ಚೀಟಿ ಅದಲುಬದಲಾದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಗಿಡ ಫಸಲಿಗೆ ಬಂದಾಗಲಷ್ಟೆ ತಪ್ಪು ತಿಳಿಯುವುದು!

ಇದರ ಬಂಧುವಾದ 'ಬಿಕೂಡೊ' ಎಂಬ ದಪ್ಪ ಕೊಕ್ಕಿನ ಹಕ್ಕಿಗೆ ಇಷ್ಟು ಅದೃಷ್ಟವಿಲ್ಲ. ಅದಕ್ಕೆ ಜೌಗು ನೆಲದ ಹುಲ್ಲೇ ಆಗಬೇಕು. ಒಂದು ಕಡೆ ಜೌಗು ಬತ್ತಿಸಿದರು, ಇನ್ನೊಂದು ಕಡೆ ಹಾಡಿಗೆಂದು ಹಿಡಿದರು. ಬ್ರೆಜಿಲಿನ ಕಾಡಿನಲ್ಲಿ ಅದು ಈಗ ಅತಿ ವಿರಳ.

ನಮ್ಮಲ್ಲೂ ಗಿಳಿ, ರಾಟವಾಳಗಳನ್ನು ಹಿಡಿದಿಡುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅಂಥ ಹಕ್ಕಿ ಕೈಗೆ ಸಿಕ್ಕಿದರೆ, ಮರುಕದಿಂದ ತೋಟದಲ್ಲಿ ಹಾರಿಬಿಡುವ ಬದಲು ಅರಣ್ಯ ಇಲಾಖೆಗೆ ಒಪ್ಪಿಸುವುದು ಲೇಸು. ಅದರ ಊರು ಯಾವುದೆಂದು ವಿಚಾರಿಸಿ ಬಿಡುವುದೇ ನಿಜವಾದ ಬಿಡುಗಡೆ ಎಂಬುದು ನಮ್ಮ ಅಭಿಪ್ರಾಯ.