ತಿದಿಯಿಲ್ಲದ ಪೇಟಿ: ಟ್ಯಾಬ್ಲೆಟ್‌ಗೆ ಹೊಂದುವ ಕಿರು ಮಿಡಿ ಕೀಬೋರ್ಡಿನ ಆಯ್ಕೆ

ಸುರಪುರ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಡದಲ್ಲಿರುವ ತಿಂಥಣಿಯು ಮೌನೇಶ್ವರರ ಕ್ಷೇತ್ರವೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಹಿಂದೂಗಳೂ ಮುಸ್ಲಿಮರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಈ ಕ್ಷೇತ್ರದ ಸುತ್ತಲಿನ ಸೀಮೆಯಲ್ಲಿ ವಚನ, ತತ್ವಪದ, ಭಜನೆಗಳ ಪರಂಪರೆ ಇಂದಿಗೂ ಜೀವಂತವಾಗಿದೆ. ಪೇಟಿ, ತಬಲಾ, ತಾಳ, ಏಕತಾರಿ ಇವು ಇಲ್ಲಿನ ಭಜನಾ ಮಂಡಳಿಗಳ ಪರಿಚಿತ ಸರಂಜಾಮು. ಈ ಪೈಕಿ ಪೇಟಿ, ಅಂದರೆ ಹಾರ್ಮೋನಿಯಂ, ಕೊಂಚ ಹೆಚ್ಚಿನ ಬಂಡವಾಳ ಬೇಡುವ ವಾದ್ಯ. ಅದನ್ನು ಕೊಳ್ಳುವ ಗ್ರಾಹಕನು ಹತ್ತು ಬಾರಿ ಬಾರಿಸಿ ನೋಡಿ, ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ದು ಕೊಳ್ಳುವುದು ರೂಢಿ.

ಈಗ ಅದೇ ಗ್ರಾಹಕನ ಮುಂದೆ, ಅಥವಾ ಅವನ ಮಗನ ಮುಂದೆ, ಹೊಸದೊಂದು ಸರಕು ಬಂದಿದೆ. ಟ್ಯಾಬ್ಲೆಟ್‌ಗೆ ಜೋಡಿಸಿ ನುಡಿಸುವ ಕಿರು ಮಿಡಿ ಕೀಬೋರ್ಡ್ ಕೈಚೀಲದಲ್ಲಿ ಹಿಡಿಸುತ್ತದೆ, ಪೇಟಿಗಿಂತ ಬಹಳ ಹಗುರ. ಉತ್ತರ ಕರ್ನಾಟಕದ ಜಾನಪದ ಹಾಡುಗಳನ್ನು ಧ್ವನಿಮುದ್ರಿಸಿ ಅಂತರಜಾಲಕ್ಕೆ ಏರಿಸುವ ಯುವಕರಿಗೂ, ಶಾಲೆಯ ಸಂಗೀತ ಶಿಕ್ಷಕರಿಗೂ, ಭಜನಾ ಮಂಡಳಿಗಳಿಗೂ ಇದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಪೇಟಿಯನ್ನು ಪರೀಕ್ಷಿಸುವಂತೆ ಇದನ್ನು ಪರೀಕ್ಷಿಸಲು ಬರುವುದಿಲ್ಲ. ಅಂಗಡಿಯಲ್ಲಿ ಒತ್ತಿ ನೋಡಿದರೆ ಏನೂ ಕೇಳಿಸದು. ಈ ಒಂದು ಅಂಶವನ್ನು ವರ್ತಕರು ಅರಿಯದಿದ್ದರೆ ಸರಕು ಹಿಂದಿರುಗಿ ಬರುವುದು, ಗ್ರಾಹಕನ ವಿಶ್ವಾಸ ಮಾತ್ರ ಹಿಂದಿರುಗಿ ಬಾರದು.

ಸ್ವರವಲ್ಲ, ಸಂಕೇತ

ಮಿಡಿ ಎಂಬುದು ವಾದ್ಯಗಳು ಪರಸ್ಪರ ಮಾತನಾಡಿಕೊಳ್ಳುವ ಒಂದು ಭಾಷೆ. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಹಾಗೂ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಅವರ ಮುಂದಾಳತ್ವದಲ್ಲಿ ಇದು ರೂಪುಗೊಂಡಿತು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ ಒಂದರಿಂದ ಇನ್ನೊಂದನ್ನು ನುಡಿಸಿ ತೋರಿಸಲಾಯಿತು. ಪರಸ್ಪರ ಪೈಪೋಟಿಯಲ್ಲಿದ್ದ ತಯಾರಕರು ಒಂದೇ ಅಳತೆಗೆ ಒಪ್ಪಿ, ಅದರ ಬಳಕೆಗೆ ಯಾವ ಶುಲ್ಕವನ್ನೂ ವಿಧಿಸದೆ ಬಿಟ್ಟದ್ದು ಉದ್ಯಮ ಜಗತ್ತಿನಲ್ಲಿ ವಿರಳವಾದ ಸಂಗತಿ. ಈ ಕಾರ್ಯಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ದೊರೆಯಿತು. ಇಂದು ಯಾವುದೇ ಕಂಪನಿಯ ಕೀಬೋರ್ಡ್ ಬೇರೊಂದು ಕಂಪನಿಯ ತಂತ್ರಾಂಶದೊಂದಿಗೆ ಕೆಲಸ ಮಾಡುತ್ತಿರುವುದು ಆ ಒಪ್ಪಂದದ ಫಲ.

ಕೀಲಿಯನ್ನು ಒತ್ತಿದಾಗ ಕೀಬೋರ್ಡು ಕಳುಹಿಸುವುದು ಕೆಲವೇ ಅಂಕಿಗಳನ್ನು: ಯಾವ ಕೀಲಿ, ಎಷ್ಟು ಜೋರಾಗಿ ಒತ್ತಲಾಯಿತು, ಯಾವಾಗ ಬಿಡಲಾಯಿತು. ಕೀಲಿಯ ಸಂಖ್ಯೆಯೂ ಒತ್ತಡದ ಪ್ರಮಾಣವೂ 0ಯಿಂದ 127ರ ಒಳಗೆ ಇರುತ್ತವೆ. ಈ ಅಂಕಿಗಳನ್ನು ಓದಿ ನಾದವಾಗಿಸುವುದು ಟ್ಯಾಬ್ಲೆಟ್‌ನಲ್ಲಿರುವ ತಂತ್ರಾಂಶ. ಆದ್ದರಿಂದ ಕಿರು ಕೀಬೋರ್ಡಿನ ವ್ಯಾಪಾರವೆಂದರೆ ವಾದ್ಯದ ವ್ಯಾಪಾರಕ್ಕಿಂತ ಹೆಚ್ಚಾಗಿ ಜೋಡಣೆಯ ವ್ಯಾಪಾರ. ಗ್ರಾಹಕನ ಬಳಿ ಯಾವ ಟ್ಯಾಬ್ಲೆಟ್ ಇದೆ ಎಂಬುದನ್ನು ಕೇಳದೆ ಕೀಬೋರ್ಡನ್ನು ಮಾರುವುದು, ಗಾಡಿಯ ಹೆಸರು ಕೇಳದೆ ಬಿಡಿಭಾಗ ಮಾರಿದಂತೆ.

ಮೊದಲು ನೋಡಬೇಕಾದದ್ದು ತೂತು ಮತ್ತು ವಿದ್ಯುತ್ತು

ಆಪಲ್ ಸಂಸ್ಥೆಯ ಐಪ್ಯಾಡ್ 2010ರಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ವರ್ಷದ ಕೊನೆಯಲ್ಲಿ ಅದಕ್ಕೆ ಮಿಡಿ ಸೌಲಭ್ಯ ದೊರೆಯಿತು. 2011ರಲ್ಲಿ ಬಂದ ಗ್ಯಾರೇಜ್‌ಬ್ಯಾಂಡ್ ತಂತ್ರಾಂಶವು 2017ರಿಂದ ಎಲ್ಲರಿಗೂ ಉಚಿತವಾಗಿದೆ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಿಗೆ 2015ರ 6ನೇ ಆವೃತ್ತಿಯಿಂದ ಮಿಡಿ ಬೆಂಬಲ ಬಂದಿತು.

ಹಳೆಯ ಐಪ್ಯಾಡ್‌ಗಳಲ್ಲಿ ಲೈಟ್ನಿಂಗ್ ಎಂಬ ಕಿರಿದಾದ ತೂತು ಇರುತ್ತದೆ. 2018ರ ಐಪ್ಯಾಡ್ ಪ್ರೊ ಹಾಗೂ 2022ರ 10ನೇ ತಲೆಮಾರಿನ ಸಾಮಾನ್ಯ ಐಪ್ಯಾಡ್‌ನಿಂದ ಮುಂದಕ್ಕೆ ಟೈಪ್-ಸಿ ತೂತು ಬಂದಿದೆ. ಲೈಟ್ನಿಂಗ್ ಉಳ್ಳ ಟ್ಯಾಬ್ಲೆಟ್‌ಗೆ ಕೀಬೋರ್ಡು ಜೋಡಿಸಲು ಕ್ಯಾಮೆರಾ ಅಡಾಪ್ಟರ್ ಎಂಬ ಪ್ರತ್ಯೇಕ ಸಾಧನ ಬೇಕು. ಸಾಧಾರಣ ಅಡಾಪ್ಟರಿನ ಮೂಲಕ ಐಪ್ಯಾಡ್ ಹೊರಕ್ಕೆ ನೀಡುವ ವಿದ್ಯುತ್ತು ತೀರ ಅಲ್ಪ. ಬೆಳಗುವ ಗುಂಡಿಗಳೂ ಪ್ಯಾಡುಗಳೂ ತುಂಬಿದ ಕೀಬೋರ್ಡನ್ನು ಜೋಡಿಸಿದೊಡನೆ, ಈ ಸಾಧನಕ್ಕೆ ಹೆಚ್ಚು ವಿದ್ಯುತ್ತು ಬೇಕಾಗಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ, ಕೀಬೋರ್ಡು ಕೆಲಸ ಮಾಡುವುದಿಲ್ಲ. ಗ್ರಾಹಕನು ಇದನ್ನು ಕೀಬೋರ್ಡಿನ ದೋಷವೆಂದೇ ತಿಳಿಯುತ್ತಾನೆ. ಚಾರ್ಜರ್ ಜೋಡಿಸಲು ಇನ್ನೊಂದು ತೂತು ಇರುವ ಅಡಾಪ್ಟರ್ ಕೊಟ್ಟರೆ ಈ ತೊಡಕು ಸಾಮಾನ್ಯವಾಗಿ ನೀಗುತ್ತದೆ.

ಟೈಪ್-ಸಿ ಟ್ಯಾಬ್ಲೆಟ್‌ಗಳಲ್ಲಿ ಈ ಸಮಸ್ಯೆ ಬಹುಮಟ್ಟಿಗೆ ಇಲ್ಲ. ಆದರೆ ಅಲ್ಲಿ ಇನ್ನೊಂದು ತೊಡಕು ಇದೆ. ಇರುವ ಒಂದೇ ತೂತನ್ನು ಕೀಬೋರ್ಡು ಆಕ್ರಮಿಸಿದರೆ ಚಾರ್ಜ್ ಮಾಡುವುದೆಲ್ಲಿ? ಇಂಥ ಅನೇಕ ಟ್ಯಾಬ್ಲೆಟ್‌ಗಳಲ್ಲಿ ಹೆಡ್‌ಫೋನಿನ ದುಂಡು ತೂತು ಇಲ್ಲದಿರುವುದರಿಂದ ಸ್ಪೀಕರಿಗೆ ತಂತಿ ಎಳೆಯುವುದೆಲ್ಲಿ? ಚಾರ್ಜಿಂಗ್ ತೂತು, ಯುಎಸ್‌ಬಿ ತೂತು, ಧ್ವನಿ ತೂತು ಮೂರೂ ಇರುವ ಹಬ್ ಒಂದನ್ನು ಜೊತೆಯಲ್ಲಿ ಮಾರುವುದು ಇದಕ್ಕೆ ಪರಿಹಾರ. ವಿದ್ಯುತ್ ಕಡಿತದ ಹೊತ್ತಿನಲ್ಲೂ ಭಜನೆ ನಿಲ್ಲುವಂತಿಲ್ಲವಾದ್ದರಿಂದ ಪವರ್ ಬ್ಯಾಂಕ್ ಕೂಡ ಇದೇ ಸರಂಜಾಮಿನ ಭಾಗವಾಗುತ್ತದೆ.

ಪ್ರತ್ಯೇಕ ಚಾಲಕ ತಂತ್ರಾಂಶದ ಅಗತ್ಯವಿಲ್ಲದೆ ಜೋಡಿಸಿದೊಡನೆ ಕೆಲಸ ಮಾಡುವ ಕೀಬೋರ್ಡುಗಳಿಗೆ ಕ್ಲಾಸ್ ಕಂಪ್ಲಯಂಟ್ ಎಂದು ಹೆಸರು. ಪೆಟ್ಟಿಗೆಯ ಮೇಲೆ ಈ ಮಾತು ಇಲ್ಲದ ಸರಕನ್ನು ಟ್ಯಾಬ್ಲೆಟ್ ಗ್ರಾಹಕನಿಗೆ ಪರೀಕ್ಷಿಸದೆ ನೀಡದಿರುವುದು ಕ್ಷೇಮ.

ನಿಸ್ತಂತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಬ್ಲೂಟೂತ್ ಮೂಲಕ ಮಿಡಿ ಸಂಕೇತ ಕಳುಹಿಸುವ ಕೀಬೋರ್ಡುಗಳೂ ಇವೆ. ಕೊರ್ಗ್ ಸಂಸ್ಥೆಯ ಮೈಕ್ರೊಕೀ ಏರ್ ಎರಡು ಎಎ ಗಾತ್ರದ ಸೆಲ್ಲುಗಳಿಂದ ನಡೆಯುತ್ತದೆ, ಟ್ಯಾಬ್ಲೆಟ್‌ನ ತೂತು ಖಾಲಿಯಾಗಿಯೇ ಉಳಿಯುತ್ತದೆ. ಮಿಡಿ ಸಂಕೇತಗಳು ಬಹಳ ಚಿಕ್ಕವಾದ್ದರಿಂದ ಅವು ನಿಸ್ತಂತುವಾಗಿ ಸಾಗಿದರೂ ನುಡಿಸುವವರಿಗೆ ದೊಡ್ಡ ಅಡಚಣೆಯಾಗದು.

ಆದರೆ ಬ್ಲೂಟೂತ್ ಸ್ಪೀಕರಿನ ಸಂಗತಿಯೇ ಬೇರೆ. ನಾದವನ್ನು ಅಡಕಗೊಳಿಸಿ ಕಳುಹಿಸಿ ಮತ್ತೆ ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ವಿಳಂಬವಾಗುವುದುಂಟು. ಹಾಡು ಕೇಳುವಾಗ ಇದು ಗೊತ್ತಾಗುವುದಿಲ್ಲ. ನುಡಿಸುವಾಗ ಮಾತ್ರ ಬೆರಳು ಮುಂದೆ, ಸ್ವರ ಹಿಂದೆ ಎಂಬಂತಾಗಿ ತಬಲಾದೊಂದಿಗೆ ಲಯ ಕೂಡುವುದೇ ಇಲ್ಲ. ಆದ್ದರಿಂದ ಕೀಬೋರ್ಡು ನಿಸ್ತಂತು ಆಗಿರಬಹುದು, ಸ್ಪೀಕರು ತಂತಿಯದೇ ಆಗಿರಬೇಕು ಎಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸಬೇಕು. ಕೆಲವು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ತಂತಿಯಿದ್ದರೂ ವಿಳಂಬ ಕಾಣಿಸುವುದರಿಂದ ಗ್ರಾಹಕನ ಟ್ಯಾಬ್ಲೆಟ್‌ನಲ್ಲೇ ನುಡಿಸಿ ನೋಡುವುದು ಅವಶ್ಯ.

ಪೇಟಿ ಕಲಿತ ಕೈಗೆ ಯಾವುದು ಸೂಕ್ತ

ಪೇಟಿಗಳಲ್ಲಿ ಮೂರು ಸಪ್ತಕದ 37 ಕೀಲಿಗಳಿಂದ ಮೂರೂವರೆ ಸಪ್ತಕದ 42 ಕೀಲಿಗಳವರೆಗೆ ಇರುವುದು ಸಾಮಾನ್ಯ. ಕಿರು ಕೀಬೋರ್ಡುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು 25 ಕೀಲಿಯವು, ಅಂದರೆ ಎರಡೇ ಸಪ್ತಕ. ಮಂದ್ರಕ್ಕೂ ತಾರಕ್ಕೂ ಹೋಗಬೇಕಾದರೆ ಪ್ರತಿ ಬಾರಿ ಸಪ್ತಕ ಬದಲಿಸುವ ಗುಂಡಿಯನ್ನು ಒತ್ತಬೇಕಾಗುತ್ತದೆ. ಧ್ವನಿಮುದ್ರಣಕ್ಕೆ ತುಣುಕು ತುಣುಕಾಗಿ ನುಡಿಸುವ ಯುವಕನಿಗೆ ಇದು ಸಾಕು. ಹಾಡಿನ ಬೆನ್ನಿಗೆ ಬಿಡುವಿಲ್ಲದೆ ನುಡಿಸುವ ಭಜನೆಯವರಿಗೆ 37 ಕೀಲಿಗಿಂತ ಕಡಿಮೆಯದು ಇಕ್ಕಟ್ಟಾಗುತ್ತದೆ.

ಕೀಲಿಯ ಅಗಲವೂ ಮುಖ್ಯ. ಪೂರ್ಣ ಗಾತ್ರದ ಪಿಯಾನೊದಲ್ಲಿ ಒಂದು ಸಪ್ತಕದ ಅಗಲ ಸುಮಾರು 16.5 ಸೆಂಟಿಮೀಟರ್. ಕಿರು ಕೀಬೋರ್ಡಿನಲ್ಲಿ ಅದು ಗಣನೀಯವಾಗಿ ಕಡಿಮೆ. ವರ್ಷಗಟ್ಟಲೆ ಪೇಟಿ ನುಡಿಸಿದವರ ಬೆರಳು ಅಭ್ಯಾಸದ ಅಳತೆಯಲ್ಲೇ ಚಾಚುತ್ತದೆ, ಆಗ ಪಕ್ಕದ ಸ್ವರ ಬೀಳುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಹಾಗೂ ಪುಟ್ಟರಾಜ ಗವಾಯಿಗಳು ಬೆಳೆಸಿದ ಪರಂಪರೆಯಿಂದಾಗಿ ಉತ್ತರ ಕರ್ನಾಟಕದಲ್ಲಿ ಅಂಧ ಸಂಗೀತಗಾರರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಸ್ಪರ್ಶದ ನೆನಪಿನಿಂದಲೇ ನುಡಿಸುವ ಇಂಥ ಕಲಾವಿದರಿಗೆ ಕೀಲಿಯ ಗಾತ್ರ ಬದಲಾದರೆ ವಾದ್ಯವೇ ಬದಲಾದಂತೆ. ಅವರಿಗೆ ಪೂರ್ಣ ಗಾತ್ರದ ಕೀಲಿಗಳಿರುವ, ಗುಂಡಿಗಳು ಕಡಿಮೆ ಇರುವ ಮಾದರಿಯೇ ಯೋಗ್ಯ.

ಪೇಟಿಯಲ್ಲಿ ಬಲಗೈ ಕೀಲಿಗಳ ಮೇಲಿದ್ದರೆ ಎಡಗೈ ತಿದಿಯ ಮೇಲಿರುತ್ತದೆ. ಸ್ವರ ನಿಂತಿರುವಾಗಲೇ ಅದನ್ನು ಏರಿಸುವುದು, ಇಳಿಸುವುದು ತಿದಿಯ ಕೆಲಸ. ಮಿಡಿ ಕೀಬೋರ್ಡಿನಲ್ಲಿ ತಿದಿಯಿಲ್ಲ. ಕೀಲಿ ಒತ್ತಿದ ಜೋರು ಸ್ವರದ ಆರಂಭವನ್ನಷ್ಟೇ ನಿರ್ಧರಿಸುತ್ತದೆ. ನಿಂತ ಸ್ವರವನ್ನು ಉಬ್ಬಿಸಿ ತಗ್ಗಿಸಲು ಮಾಡ್ಯುಲೇಶನ್ ಚಕ್ರ, ತಿರುಗುಗುಂಡಿ ಅಥವಾ ಕಾಲಿನ ಪೆಡಲ್ ಬೇಕು. ಬಿಡುವಾದ ಎಡಗೈಗೆ ಇದೇ ಹೊಸ ತಿದಿ. 37 ಕೀಲಿಯ ಕೊರ್ಗ್ ಮೈಕ್ರೊಕೀಯಲ್ಲಿ ಇಂಥ ಚಕ್ರವಿದ್ದು, ಬಿಟ್ಟಲ್ಲೇ ನಿಲ್ಲುತ್ತದೆ. 2020ರಲ್ಲಿ ಬಂದ ಅಕಾಯ್ ಎಂಪಿಕೆ ಮಿನಿ ಎಂಕೆ3ರಲ್ಲಿ 25 ಕೀಲಿ, 8 ಪ್ಯಾಡು, 8 ತಿರುಗುಗುಂಡಿಗಳಿವೆ. ತಾಳದ ತುಣುಕುಗಳನ್ನು ಕಟ್ಟುವವರಿಗೆ ಅದು ಅನುಕೂಲ. ಆದರೆ ಅದರಲ್ಲಿ ಚಕ್ರದ ಬದಲು ಬಿಟ್ಟೊಡನೆ ನಡುವಿಗೆ ಮರಳುವ ಕಡ್ಡಿಯಿದೆ. 2022ರ ಆರ್ಟೂರಿಯಾ ಮಿನಿಲ್ಯಾಬ್ 3ರಲ್ಲಿ ಬೆರಳು ಸವರುವ ಪಟ್ಟಿಗಳಿವೆ.

ಮೀಂಡಿನ ವಿಷಯವೂ ಗಮನಾರ್ಹ. ಪೇಟಿಯ ಸ್ವರಗಳು ಸ್ಥಿರವಾಗಿದ್ದು ಒಂದರಿಂದ ಇನ್ನೊಂದಕ್ಕೆ ಜಾರಲಾರವು ಎಂಬ ಆಕ್ಷೇಪ ಹಳೆಯದು. ಆಕಾಶವಾಣಿಯು 1940ರಿಂದ 1971ರವರೆಗೆ ಪೇಟಿಯನ್ನು ನಿಷೇಧಿಸಿದ್ದಕ್ಕೆ ಇಂಥ ಆಕ್ಷೇಪಗಳೂ ಹಿನ್ನೆಲೆಯಾಗಿದ್ದವು. ಮಿಡಿ ಕೀಬೋರ್ಡಿನ ಪಿಚ್ ಬೆಂಡ್ ಸೌಲಭ್ಯದಿಂದ ಸ್ವರವನ್ನು ಜಾರಿಸಬಹುದು. ಆದರೆ ಕೇವಲ ಗುಂಡಿ ಒತ್ತಿ ಸ್ವರ ಬಾಗಿಸುವ ಅಗ್ಗದ ಮಾದರಿಗಳಲ್ಲಿ ಸೂಕ್ಷ್ಮ ಹಿಡಿತ ಸಿಗದು. ಕೊಳ್ಳುವವರು ಚಕ್ರವನ್ನೋ ಪಟ್ಟಿಯನ್ನೋ ಬೇಡುವುದು ಲೇಸು.

ಹಾಡುವವರು ಕರಿ ಒಂದು, ಬಿಳಿ ನಾಲ್ಕು ಎಂದು ತಮ್ಮ ಶ್ರುತಿಯನ್ನು ಹೇಳುವುದು ವಾಡಿಕೆ. ಸ್ಕೇಲ್ ಚೇಂಜರ್ ಪೇಟಿಗೆ ಹೆಚ್ಚು ಹಣ ತೆರಬೇಕು. ಮಿಡಿ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿಯೊಂದರಿಂದ, ಇಲ್ಲವೇ ತಂತ್ರಾಂಶದಲ್ಲಿ, ಇದೇ ಕೆಲಸ ನಡೆಯುತ್ತದೆ. ಪೇಟಿ ಗ್ರಾಹಕನಿಗೆ ಮೊದಲು ತೋರಿಸಬೇಕಾದ ಅನುಕೂಲ ಇದು. ಹಳೆಯ ಪೇಟಿಯೊಂದಿಗೆ ಕೂಡಿ ನುಡಿಸುವುದಾದರೆ ಎರಡರ ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸ ಬರಬಹುದು. ಅದನ್ನು ಸರಿಹೊಂದಿಸುವ ಅವಕಾಶ ತಂತ್ರಾಂಶದಲ್ಲಿ ಇದೆಯೇ ಎಂಬುದನ್ನೂ ನೋಡಬೇಕು.

ವರ್ತಕರು ಅನುಸರಿಸಬಹುದಾದ ಕ್ರಮ

ಗ್ರಾಹಕನು ಟ್ಯಾಬ್ಲೆಟ್ ತಂದ ಹೊರತು ವ್ಯಾಪಾರ ಮುಗಿಸಬಾರದು. ಅವನ ಟ್ಯಾಬ್ಲೆಟ್‌ಗೆ ಕೀಬೋರ್ಡು ಜೋಡಿಸಿ, ಅವನು ಬಳಸುವ ತಂತ್ರಾಂಶವನ್ನೇ ತೆರೆದು, ತಂತಿಯ ಸ್ಪೀಕರಿನಲ್ಲಿ ಕನಿಷ್ಠ ಹತ್ತು ನಿಮಿಷ ನುಡಿಸಲು ಬಿಡಬೇಕು. ಪ್ರತಿಯೊಂದು ಕೀಲಿಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ ನೋಡಬೇಕು. ಬೇಕಾದ ಅಡಾಪ್ಟರ್, ಹಬ್, ತಂತಿಗಳ ಬೆಲೆಯನ್ನು ಕೀಬೋರ್ಡಿನ ಬೆಲೆಯೊಂದಿಗೆ ಕೂಡಿಸಿಯೇ ಹೇಳಬೇಕು. ಅಗ್ಗವೆಂದು ಕೊಂಡ ಗ್ರಾಹಕನು ಮರುದಿನ ಅಡಾಪ್ಟರಿಗಾಗಿ ಮತ್ತೆ ಹಣ ತೆರಬೇಕಾದರೆ ಮೋಸಹೋದೆನೆಂದು ಭಾವಿಸುವುದು ಸಹಜ. ಯಾವ ಟ್ಯಾಬ್ಲೆಟ್‌ನೊಂದಿಗೆ ಪರೀಕ್ಷಿಸಿ ಕೊಡಲಾಯಿತು ಎಂಬುದನ್ನು ರಸೀದಿಯಲ್ಲಿ ಬರೆದುಕೊಟ್ಟರೆ ಮುಂದಿನ ತಕರಾರಿಗೆ ಆಸ್ಪದವಿರದು.

ಸಣ್ಣ ತಯಾರಕರಿಗೂ ಇಲ್ಲಿ ಅವಕಾಶವಿದೆ. ಮಾರುಕಟ್ಟೆಯಲ್ಲಿರುವ ಬಹುತೇಕ ಸ್ಟ್ಯಾಂಡುಗಳು ಕುರ್ಚಿಯಲ್ಲಿ ಕುಳಿತೋ ನಿಂತೋ ನುಡಿಸುವವರಿಗಾಗಿ ಮಾಡಿದವು. ಚಾಪೆಯ ಮೇಲೆ ಕುಳಿತು ನುಡಿಸುವ ಭಜನೆಯವರಿಗೆ ಬೇಕಾದದ್ದು ಪೇಟಿಯ ಎತ್ತರದ, ಟ್ಯಾಬ್ಲೆಟ್ ನಿಲ್ಲಿಸಲು ಹಿಂಬದಿಯಲ್ಲಿ ಸೀಳು ಇರುವ, ತಂತಿಗಳನ್ನು ಒಳಗೆ ಅಡಗಿಸುವ ಮರದ ಮಣೆ. ಧೂಳಿನಿಂದ ಕೀಲಿಗಳನ್ನು ಕಾಪಾಡುವ ಮುಚ್ಚಳವೂ ಜೊತೆಗಿದ್ದರೆ ಇನ್ನೂ ಒಳಿತು. ಬಡಗಿಗಳು ಸ್ಥಳೀಯವಾಗಿಯೇ ಮಾಡಬಹುದಾದ ಈ ಸರಕಿಗೆ ಆಮದಿನ ಹಂಗಿಲ್ಲ.

ಪೇಟಿಯೇ ಒಂದು ಕಾಲದಲ್ಲಿ ಯುರೋಪಿನಿಂದ ಬಂದ ಹೊಸ ಸರಕಾಗಿತ್ತು. ಕಾಲಿನಿಂದ ತುಳಿಯುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದವರು ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ತಯಾರಕರು. ಆ ಮಾರ್ಪಾಡಿನ ನಂತರವೇ ಅದು ಭಜನೆಯ ವಾದ್ಯವಾಯಿತು. ಮಿಡಿ ಕೀಬೋರ್ಡು ಈ ಸೀಮೆಯ ವಾದ್ಯವಾಗಬೇಕಾದರೂ ಅಂಥ ಹೊಂದಾಣಿಕೆ ಅಗತ್ಯ. ಸರಿಯಾದ ಮಾದರಿ, ಸರಿಯಾದ ತಂತಿ ಹಾಗೂ ಸರಿಯಾದ ಮಣೆಯನ್ನು ಒಟ್ಟಿಗೆ ಒದಗಿಸಬಲ್ಲ ವರ್ತಕನಿಗೆ ಅದರ ಲಾಭ ದೊರೆಯುವುದರಲ್ಲಿ ಸಂದೇಹವಿಲ್ಲ.